ಶನಿವಾರ ಸಂಜೆ ಏಳರ ಐಸ್

ಅಕ್ಟೋಬರ್ 20, ಭಾನುವಾರ

ಮತ್ತೆ ಬೆಳಗಿನ ಆರೂವರೆ. ಮತ್ತೆ ರಿಂಕ್ ಬಾಗಿಲಿಗೆ ಬೀಗ. ನಾನು ಕೋಚ್ ಮಾಡುವ ಐಸ್‌ಹಾಕಿ ತಂಡದ ಹನ್ನೆರಡು ಹುಡುಗಿಯರು ಚೀಲ ಹೊತ್ತು ಚಳಿಯಲ್ಲಿ ನಿಂತಿದ್ದಾರೆ, ನಾನು ನೆಸ್ಟರ್ ಮನೆಗೆ ಫೋನ್ ಮಾಡಿ ಅವನನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದೇನೆ. ರಿಂಕ್ ನೋಡಿಕೊಳ್ಳುವುದೇ ಅವನ ಕೆಲಸ. ಹುಡುಗರ ಆಟವಿದ್ದರೆ ಎರಡು ಗಂಟೆ ಮುಂಚೆ ಬಂದು ದೀಪ ಹಾಕಿ ಕಾಫಿ ಕಾಯಿಸಿರುತ್ತಾನೆ. ನಮ್ಮ ಆಟಕ್ಕೆ ಕಣ್ಣುಜ್ಜಿಕೊಂಡು ಬಂದ.

"ಇವತ್ತೂ ಬರ್ತೀರ ಅಂತ ಅಂದ್ಕೊಂಡಿರ್ಲಿಲ್ಲ ಲೋರ್ನಾ" ಅಂದ.

ಪ್ರತಿ ಭಾನುವಾರ ಬರುತ್ತೇವೆ. ಪ್ರತಿ ಭಾನುವಾರ ಇದೇ ಮಾತು.

ಬಟ್ಟೆ ಬದಲಿಸಲು ನಮಗೆ ಸಿಕ್ಕಿರುವುದು ಕ್ಯಾಂಟೀನ್ ಹಿಂದಿನ ಸಾಮಾನಿನ ಕೋಣೆ. ಎರಡು ಡ್ರೆಸಿಂಗ್ ರೂಮಿನಲ್ಲೂ ಹುಡುಗರ ಚೀಲಗಳು. ಸಂಜೆ ಮತ್ತೆ ಬರ್ತಾರಲ್ಲ, ತೆಗೆಯೋದ್ಯಾಕೆ — ಇದು ನೆಸ್ಟರ್ ನ್ಯಾಯ. ಹುಡುಗಿಯರು ಪಾಪ್‌ಕಾರ್ನ್ ಮೂಟೆ ಮೇಲೆ ಕೂತು ಸ್ಕೇಟ್ಸ್ ಕಟ್ಟಿಕೊಳ್ಳುತ್ತಾರೆ. ಇಡೀ ತಂಡಕ್ಕೆ ಬೆಣ್ಣೆ ವಾಸನೆ. ಬೇರೆ ಊರಿನವರು ನಮ್ಮನ್ನು ಪಾಪ್‌ಕಾರ್ನ್ ಅಂತಲೇ ಕರೆಯುತ್ತಾರಂತೆ. ಕ್ಯಾಪ್ಟನ್ ಬ್ರಿನ್ ನಗುನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ.

ಆಟ ಮಾತ್ರ ಚೆನ್ನಾಗಿತ್ತು. ಟ್ಯಾನಿಸ್ ಗೋಲಿನಲ್ಲಿ ನಿಂತರೆ ಬಾಗಿಲಿಗೆ ಅಗಳಿ ಹಾಕಿದ ಹಾಗೆ. ಹದಿನಾಲ್ಕು ವರ್ಷಕ್ಕೆ ಅಂಥ ಗೋಲಿಯನ್ನು, ಗೋಲು ಕಾಯುವವಳನ್ನು, ಈ ಸೀಮೆಯಲ್ಲಿ ನಾನು ನೋಡಿಲ್ಲ. ನೋಡುವವರು ಯಾರಿದ್ದರು? ನಾಲ್ಕು ಜನ ಅಮ್ಮಂದಿರು, ಒಂದು ನಾಯಿ.

ಅಕ್ಟೋಬರ್ 24, ಗುರುವಾರ

ಅಣ್ಣ ರಸ್ಸೆಲ್ ಮನೆಯಲ್ಲಿ ಊಟ. ಅವನೇ ರಿಂಕ್ ಕಮಿಟಿ ಅಧ್ಯಕ್ಷ, ಹನ್ನೊಂದು ವರ್ಷದಿಂದ. ಅತ್ತಿಗೆ ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ಬಡಿಸುತ್ತಿದ್ದಾಗಲೇ ಕೇಳಿಬಿಟ್ಟೆ. ಒಂದು ಶನಿವಾರ ಸಂಜೆ ಏಳು ಗಂಟೆ. ಇಡೀ ಚಳಿಗಾಲಕ್ಕೆ ಒಂದೇ ಒಂದು.

"ಅದು ಹುಡುಗ್ರ ಟೈಮ್ ಕಣೇ ಲೋರಿ."

"ಯಾರು ಬರೆದಿಟ್ರು?"

"ಬರೆದಿಡೋದೇನು ಬಂತು. ಮೊದ್ಲಿಂದ ಹಾಗೇ ಇದೆ."

ಮೊದಲಿಂದ ಹಾಗೇ ಇರುವುದು ನನಗೆ ಗೊತ್ತಿಲ್ಲವೇ? ಶನಿವಾರ ಏಳಕ್ಕೆ ಅಂಗಡಿ ಮುಚ್ಚುತ್ತದೆ, ಪಾದ್ರಿ ಬರುತ್ತಾರೆ, ಕೈಕೂಸು ಬರುತ್ತದೆ, ಮಂಡಿ ಆಪರೇಷನ್ ಆದ ಅಜ್ಜಿಯರು ಕಂಬಳಿ ಹೊದ್ದು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಮೈಕಿನಲ್ಲಿ ಒಬ್ಬೊಬ್ಬನ ಹೆಸರು ಕೂಗುತ್ತಾರೆ. ನಾನು ಆಡುವ ಕಾಲಕ್ಕೆ ಹುಡುಗಿಯರ ತಂಡವೇ ಇರಲಿಲ್ಲ. ಹುಡುಗರ ಜೊತೆ ಆಡಿದೆ, ಹದಿಮೂರು ವರ್ಷಕ್ಕೆ, ದೊಡ್ಡವರ ತಂಡ ಸೇರುವ ಮೊದಲೇ, ಸಾಕು ಅಂದರು. ಶನಿವಾರ ಏಳಕ್ಕೆ ಐಸ್ ಮೇಲೆ ನಿಂತು ಮೇಲಕ್ಕೆ ನೋಡಿದರೆ ಹೇಗಿರುತ್ತದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಈ ಹನ್ನೆರಡು ಮಂದಿಗೆ ಅದು ಗೊತ್ತಾಗಬೇಕು. ಅಷ್ಟೇ ನನ್ನ ಹಟ.

ಕಡೆಗೆ ರಸ್ಸೆಲ್ ಅಡ್ಡಗೋಡೆ ಮೇಲೆ ದೀಪ ಇಟ್ಟ. "ನೀವು ಫೈನಲ್‌ಗೆ ಬನ್ನಿ, ನಮ್ಮೂರಲ್ಲಿ ಆಡೋ ಹಾಗಾದ್ರೆ ಶನಿವಾರ ಏಳು ನಿಂದೇ." ಹೇಳಿ ತಾನೇ ನಕ್ಕ. ನಮ್ಮ ತಂಡ ಸೆಮಿಫೈನಲ್ ಕಂಡದ್ದೂ ಇಲ್ಲ.

ಅತ್ತಿಗೆಯನ್ನು ಸಾಕ್ಷಿಗೆ ಇಟ್ಟುಕೊಂಡೇ ಎದ್ದು ಬಂದೆ.

ನವೆಂಬರ್ 3, ಭಾನುವಾರ

ಊರಿನ ಟರ್ಕಿ ಕೋಳಿ ಊಟ. ರಿಂಕಿನ ಕರೆಂಟ್ ಖರ್ಚಿಗೆ ವರ್ಷಕ್ಕೊಮ್ಮೆ ಮಾಡುವುದು. ಬಡಿಸಿದವರು ಯಾರು? ನನ್ನ ಹುಡುಗಿಯರು. ತಟ್ಟೆ ತೊಳೆದವರು? ಅವರೇ. ಹುಡುಗರ ತಂಡ ಜರ್ಸಿ ಹಾಕಿ ಬಾಗಿಲಲ್ಲಿ ನಿಂತು ಬಂದವರ ಕೈಕುಲುಕಿತು.

ಹುಡುಗರ ಕೋಚ್ ಡ್ವೇನ್ ಸಿಹಿಗುಂಬಳದ ಪೈ ತಿನ್ನುತ್ತಾ ಟ್ಯಾನಿಸ್ ಹತ್ತಿರ ಹೋದ. ನಾನು ಗ್ರೇವಿ ಪಾತ್ರೆ ಹಿಡಿದು ಕಿವಿ ಅಲ್ಲೇ ಇಟ್ಟಿದ್ದೆ.

"ನಮ್ ಕಡೆ ಬಂದ್ಬಿಡಮ್ಮ. ಅಲ್ಲಿ ವೇಸ್ಟ್ ಆಗ್ತಿದೀಯ."

ಟ್ಯಾನಿಸ್ ತಟ್ಟೆ ಒರೆಸುವುದನ್ನು ನಿಲ್ಲಿಸಲಿಲ್ಲ. "ನನ್ ಫ್ರೆಂಡ್ಸ್ ಎಲ್ಲ ಇಲ್ಲೇ ಇದಾರೆ."

"ಫ್ರೆಂಡ್ಸ್ ಎಲ್ಲಿಗೆ ಹೋಗ್ತಾರೆ. ಸ್ಕೂಲಲ್ಲಿ ಸಿಗ್ತಾರೆ."

"ಪೈ ಇನ್ನೊಂದು ತುಂಡು ಬೇಕಾ ಅಂಕಲ್?"

ಭಲೆ ಹುಡುಗಿ. ಅವನಿಗೆ ಅಂಕಲ್ ಅನ್ನಿಸಿಕೊಂಡದ್ದು ಪೈಗಿಂತ ಗಟ್ಟಿಯಾಗಿ ಗಂಟಲಲ್ಲಿ ಕೂತಿತು. ಮನೆಗೆ ಬಂದ ಮೇಲೂ ನಗುತ್ತಿದ್ದೇನೆ.

ಡಿಸೆಂಬರ್ 7, ಶನಿವಾರ

ಮೂರು ಗಂಟೆ ದಾರಿ. ನಮ್ಮ ಲೀಗಿನಲ್ಲಿ ಇರುವುದೇ ಐದು ಹುಡುಗಿಯರ ತಂಡ, ಒಂದೊಂದೂ ಒಂದೊಂದು ದಿಕ್ಕಿಗೆ. ಹೋಗಿ ಇಳಿದರೆ ರೆಫರಿ ಇಲ್ಲ. ಪಕ್ಕದ ಊರಿನ ಹುಡುಗರ ಆಟಕ್ಕೆ ಕಳಿಸಿಬಿಟ್ಟಿದ್ದಾರೆ. "ಅಲ್ಲಿ ಟೂರ್ನಮೆಂಟ್ ಇತ್ತಲ್ಲ ಮೇಡಂ" ಅಂದ ಆ ರಿಂಕಿನವನು. ಹುಡುಗಿಯರು ಪ್ಯಾಡ್ ಕಟ್ಟಿಕೊಂಡು ಸಿದ್ಧವಾಗಿ ಕೂತಿದ್ದರು. ಬಿಚ್ಚಿದರು. ಮೂರು ಗಂಟೆ ದಾರಿ ವಾಪಸ್. ಹೊರಗೆ ಮೈನಸ್ ಮೂವತ್ತನಾಲ್ಕು ಡಿಗ್ರಿ.

ಬ್ರಿನ್ ಹಾಡು ಹಾಕಿದಳು. ಎಲ್ಲರೂ ಹಾಡಿದರು. ನನಗೇ ಮೈ ಪರಚಿಕೊಳ್ಳುವಷ್ಟು ಸಿಟ್ಟು, ಅವಕ್ಕೆ ಪಿಕ್ನಿಕ್ಕು.

ಜನವರಿ 12, ಭಾನುವಾರ

ಡ್ವೇನ್‌ನ ಗೋಲಿ ಭುಜ ಮುರಿದುಕೊಂಡ. ನಿನ್ನೆಯ ಆಟಕ್ಕೆ ಟ್ಯಾನಿಸ್‌ಳನ್ನು ಸಾಲ ಕೇಳಿದ. ನಿಯಮದಲ್ಲಿ ಅವಕಾಶವಿದೆ. ಇಲ್ಲ ಅಂದರೆ ನಾನು ಹೊಟ್ಟೆಕಿಚ್ಚಿನವಳು. ಹೋಗು ಅಂದೆ.

ಹೋಗಿ ನೋಡಿದೆ. ಶನಿವಾರ ಸಂಜೆ ಏಳು. ರಿಂಕ್ ತುಂಬಿತ್ತು. ದೀಪ ಆರಿಸಿ ಒಂದೇ ಬೆಳಕು ಬಿಟ್ಟು ಮೈಕಿನಲ್ಲಿ ಕೂಗಿದರು — ಗೋಲಿನಲ್ಲಿ, ಟ್ಯಾನಿಸ್ ಡೆಜಾರ್ಲೇ. ನಾನು ಕೋಚ್ ಮಾಡಿದ ಹುಡುಗಿಗೆ ಊರು ಚಪ್ಪಾಳೆ ತಟ್ಟುತ್ತಿದೆ, ನಾನು ಟಿಕೆಟ್ ಕೊಂಡು ನೋಡುತ್ತಿದ್ದೇನೆ. ಗೆದ್ದರು. ಅವಳಿಂದಲೇ ಗೆದ್ದರು.

ಇವತ್ತು ಬೆಳಿಗ್ಗೆ ಆರೂವರೆಗೆ ಬಂದಳು. ಪಾಪ್‌ಕಾರ್ನ್ ಮೂಟೆ ಮೇಲೆ ಕೂತು ಸ್ಕೇಟ್ಸ್ ಕಟ್ಟುತ್ತಾ, ಯಾರಿಗೂ ಕೇಳದ ಹಾಗೆ, "ಕೋಚ್, ಅಲ್ಲಿ ನನ್ ಹೆಸ್ರು ಪೂರ್ತಿ ಹೇಳಿದ್ರು" ಅಂದಳು.

"ಕೇಳಿಸ್ತು."

"ಅಜ್ಜಿ ಅತ್ಬಿಟ್ಲು."

"ನಮ್ಗೂ ಹೇಳ್ತಾರೆ, ಫೈನಲ್ ಬರ್ಲಿ" ಅಂದೆ. ಹುಂ ಅಂದಳು. ನಂಬಿದಳೋ ಇಲ್ಲವೋ.

ಫೆಬ್ರವರಿ 2

ಒಬ್ಬಳು ವಾಲಿಬಾಲ್‌ಗೆ ಹೋದಳು. ಅವಳ ಅಮ್ಮ ಫೋನಿನಲ್ಲಿ ತುಂಬಾ ಮರ್ಯಾದೆಯಿಂದ ಮಾತಾಡಿದರು. "ವಾಲಿಬಾಲ್ ಪ್ರಾಕ್ಟೀಸು ಸ್ಕೂಲ್ ಬಿಟ್ಟ ತಕ್ಷಣ ಇರುತ್ತೆ. ನಿಮ್ದು ವಾರದ ದಿನಾನೂ ಬೆಳಗಿನ ಜಾವ. ಮಗು ಕ್ಲಾಸಲ್ಲಿ ನಿದ್ದೆ ಮಾಡುತ್ತೆ." ತಪ್ಪು ಅನ್ನಲಾಗುತ್ತದೆಯೇ? ಹನ್ನೊಂದು ಜನ ಉಳಿದರು. ಯಾರಾದರೂ ಕೆಮ್ಮಿದರೂ ಮತ್ತೆ ತಲೆ ಎಣಿಸುತ್ತೇನೆ.

ಫೆಬ್ರವರಿ 23, ಭಾನುವಾರ

ಗೆದ್ದೆವು. ಸೆಮಿಫೈನಲ್ ಗೆದ್ದೆವು. ಓವರ್‌ಟೈಮ್‌ನಲ್ಲಿ ಬ್ರಿನ್ ಹೊಡೆದ ಪಕ್, ಆ ರಬ್ಬರ್ ಬಿಲ್ಲೆ, ಅವಳ ಸ್ಟಿಕ್ಕಿಗೆ ತಾಗಿತೋ, ಮೊಣಕಾಲಿಗೆ ತಾಗಿತೋ, ದೇವರೇ ಬಲ್ಲ. ಒಳಗೆ ಹೋಯಿತು.

ಫೈನಲ್ ರಾಸ್‌ಮಿಯರ್ ಜೊತೆ. ಎರಡು ಆಟ, ಎರಡರ ಗೋಲು ಕೂಡಿ ಲೆಕ್ಕ. ಮಾರ್ಚ್ 8ಕ್ಕೆ ಅವರ ಊರು. ಮಾರ್ಚ್ 15ಕ್ಕೆ ನಮ್ಮ ಊರು. 15 ಶನಿವಾರ.

ಶನಿವಾರ.

ಫೆಬ್ರವರಿ 25

ರಸ್ಸೆಲ್ ಅಂಗಡಿಗೇ ಹೋದೆ. ಟ್ರ್ಯಾಕ್ಟರ್ ಬಿಡಿಭಾಗ ಕೊಳ್ಳಲು ಬಂದವರು ನಾಲ್ಕು ಜನ ಕೌಂಟರಿನಲ್ಲಿ ಇದ್ದರು. ಎಲ್ಲರ ಎದುರೇ ಕೇಳಿದೆ.

"ನೆನಪಿದೆಯಾ ಅಣ್ಣಯ್ಯ, ಪೆರೋಗಿ ತಿನ್ನುವಾಗ ಏನೋ ಅಂದಿದ್ದೆ?"

ತಲೆ ಕೆರೆದುಕೊಂಡ. "ಹುಡುಗ್ರದ್ದೂ ಪ್ಲೇಆಫ್ ನಡೀತಿದೆ ಲೋರಿ..."

"ಅವ್ರ ಆಟ ಆ ವಾರ ಬುಧವಾರ. ನೋಡ್ಕೊಂಡೇ ಬಂದಿದೀನಿ."

ಕೌಂಟರಿನ ಮುದುಕನೊಬ್ಬ, "ಕೊಟ್ಬಿಡೋ ರಸ್ಸೆಲ್, ನಿನ್ ತಂಗಿ ಇನ್ನು ಇಲ್ಲೇ ಟೆಂಟ್ ಹಾಕ್ತಾಳೆ" ಅಂದ. ಎಲ್ಲರೂ ನಕ್ಕರು. ರಸ್ಸೆಲ್ ಕೂಡ.

"ಆಯ್ತು ಮಾರಾಯ್ತಿ. ಹದಿನೈದು, ಏಳು ಗಂಟೆ. ಮೈಕೂ ಹಾಕಿಸ್ತೀನಿ, ಹೆಸ್ರೂ ಹೇಳಿಸ್ತೀನಿ. ಸಾಕಾ?"

ಟ್ರಕ್ಕಿನಲ್ಲಿ ಕೂತು ಐದು ನಿಮಿಷ ಅತ್ತೆ. ಆಮೇಲೆ ದನದ ಆಸ್ಪತ್ರೆಗೆ, ಕೆಲಸಕ್ಕೆ. ಕರು ಹಾಕುವ ಕಾಲ, ಬೆಳಗ್ಗಿಂದ ಫೋನೋ ಫೋನು. ಒಂದಕ್ಕೂ ಬೇಸರವಾಗಲಿಲ್ಲ.

ಮಾರ್ಚ್ 2

ಪೋಸ್ಟರ್ ಆಯಿತು. ಬ್ರಿನ್ ಬರೆದದ್ದು. ಹನ್ನೊಂದು ಹೆಸರೂ ದಪ್ಪ ಅಕ್ಷರದಲ್ಲಿ. ಬ್ಯಾಂಕು, ಚರ್ಚು, ಪೆಟ್ರೋಲ್ ಬಂಕು, ನಮ್ಮ ಆಸ್ಪತ್ರೆ, ಎಲ್ಲ ಕಡೆ ಅಂಟಿಸಿದರು. ರಿಂಕಿನೊಳಗೆ ನೆಸ್ಟರ್ ತಾನೇ ಇಸಿದುಕೊಂಡು ಮೆಷಿನ್ ರೂಮಿನ ಬಾಗಿಲಿಗೆ ಅಂಟಿಸಿದ. ನಾಲ್ಕು ಮೂಲೆಗೂ ಟೇಪ್, ಒತ್ತಿ ಒತ್ತಿ.

"ಚೆನ್ನಾಗಿದೆ" ಅಂದ. ಇವನೂ ಒಳ್ಳೆಯವನೇ, ಸುಮ್ಮನೆ ಬಯ್ಯುತ್ತೇನೆ ಅನ್ನಿಸಿತು.

ಮಾರ್ಚ್ 8, ಶನಿವಾರ, ರಾಸ್‌ಮಿಯರ್‌ನಿಂದ ಬರುತ್ತಾ

3–2. ನಾವು 3. ಬೇರೆಯವರು ಗಾಡಿ ಓಡಿಸುತ್ತಿದ್ದಾರೆ, ಕುಲುಕಾಟಕ್ಕೆ ಅಕ್ಷರ ಹೀಗೆ. ಅವರ ಊರಲ್ಲೇ ಅವರನ್ನು ಸೋಲಿಸಿದೆವು. ಟ್ಯಾನಿಸ್ ಕೊನೆಯ ಹತ್ತು ನಿಮಿಷ ಒಬ್ಬಳೇ ಆಡಿದ ಹಾಗಿತ್ತು. ಇನ್ನು ಮುಂದಿನ ಶನಿವಾರ ಸಮ ಮಾಡಿಕೊಂಡರೂ ಸಾಕು.

ಮಾರ್ಚ್ 12, ಬುಧವಾರ

ಹುಡುಗರು ಸೋತರು. ನಮ್ಮ ರಿಂಕಿನಲ್ಲೇ, ಐದಕ್ಕೆ ಒಂದು. ಊರಿಗೆ ಊರೇ ಮುಖ ಇಳಿಬಿಟ್ಟುಕೊಂಡು ಹೊರಬಂತು. ಡ್ವೇನ್ ಬಾಗಿಲ ಹತ್ತಿರ ಗೋಡೆಗೆ ಒರಗಿದ್ದ, ಪಾಪ ಅನ್ನಿಸಿತು, ಬೆನ್ನು ತಟ್ಟಿದೆ. "ಮುಗೀತು ಲೋರ್ನಾ, ಈ ವರ್ಷದ್ದು" ಅಂದ.

ನಮ್ಮದು ಮುಗಿದಿಲ್ಲ ಅಂತ ಹೇಳಬೇಕೆನಿಸಿತು. ಸಾವಿನ ಮನೆಯಲ್ಲಿ ಮದುವೆ ಸುದ್ದಿ ಯಾಕೆ ಅಂತ ಸುಮ್ಮನಾದೆ. ಹೇಳಬೇಕಿತ್ತು.

ಮಾರ್ಚ್ 14, ಶುಕ್ರವಾರ, ಸಂಜೆ

ಬರೆಯುತ್ತೇನೆ. ಬರೆಯದಿದ್ದರೆ ಯಾರಿಗಾದರೂ ಹೊಡೆದುಬಿಡುತ್ತೇನೆ.

ಕೆಲಸ ಬೇಗ ಮುಗಿಯಿತು. ನಾಳೆಗೆ ಡ್ರೆಸಿಂಗ್ ರೂಮಿನ ಬಾಗಿಲಿಗೆ ಹುಡುಗಿಯರ ಹೆಸರು ಅಂಟಿಸೋಣ ಅಂತ ರಿಂಕಿಗೆ ಹೋದೆ. ಹಿಂದಿನ ದೊಡ್ಡ ಬಾಗಿಲು ಹಾರು ಹೊಡೆದಿತ್ತು. ಮೂರು ದಿನದಿಂದ ಬಿಸಿಲು, ರಸ್ತೆಯೆಲ್ಲ ನೀರು. ಒಳಗೆ ಶಬ್ದವಿಲ್ಲ. ಅದೇ ಮೊದಲು ಹೊಳೆದದ್ದು. ಐಸ್ ಹೆಪ್ಪುಗಟ್ಟಿಸುವ ಆ ಕಂಪ್ರೆಸರ್ ಚಳಿಗಾಲವೆಲ್ಲ ಗುಂಯ್ ಅನ್ನುತ್ತಿರುತ್ತದೆ, ಕಿವಿಗೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ಇವತ್ತು ಇಲ್ಲ.

ಐಸ್ ಇರಲಿಲ್ಲ. ಐಸ್ ಇದ್ದ ಜಾಗದಲ್ಲಿ ಕೆರೆ. ಅಲ್ಲಲ್ಲಿ ಬೂದು ಬಣ್ಣದ ಹೆಂಟೆ ತೇಲುತ್ತಿತ್ತು. ಆಟಕ್ಕೆ ಎಳೆದ ಕೆಂಪು ಗೆರೆಯ ಬಣ್ಣ ಕರಗಿ ನೀರಿನಲ್ಲಿ ಹರಡಿತ್ತು. ನೆಸ್ಟರ್ ರಬ್ಬರ್ ಬೂಟು ಹಾಕಿಕೊಂಡು ನೀರನ್ನು ತೂತಿನ ಕಡೆ ತಳ್ಳುತ್ತಿದ್ದ.

"ನೆಸ್ಟರ್, ಏನಿದು?"

"ಸ್ವಿಚ್ ತೆಗ್ದೆ." ಹವಾಮಾನ ಹೇಳುವ ಹಾಗೆ ಹೇಳಿದ. "ಹುಡುಗ್ರು ಸೋತ್ರಲ್ಲ. ಸೋತ ಮಾರನೇ ಬೆಳಿಗ್ಗೆ ತೆಗೀತೀನಿ. ಪ್ರತಿ ವರ್ಷ ಅಷ್ಟೇ. ಸುಮ್ನೆ ಕರೆಂಟ್ ಯಾಕೆ."

"ನಾಳೆ ಫೈನಲ್."

ತಳ್ಳುವ ಕೋಲು ಹಿಡಿದು ಹಾಗೇ ನಿಂತ. ನನ್ನನ್ನು ನೋಡಿದ. ತಲೆ ತಿರುಗಿಸಿ ಮೆಷಿನ್ ರೂಮಿನ ಬಾಗಿಲು ನೋಡಿದ. ಅವನೇ ಟೇಪ್ ಹಚ್ಚಿದ ಪೋಸ್ಟರ್. ನಿನ್ನೆ ಅದೇ ಬಾಗಿಲು ತೆಗೆದು ಒಳಗೆ ಹೋಗಿ ಸ್ವಿಚ್ ತೆಗೆದಿದ್ದಾನೆ.

"ಅಯ್ಯೋ ದೇವ್ರೇ" ಅಂದ. "ಹುಡುಗೀರದ್ದು."

"ರಸ್ಸೆಲ್‌ನ ಒಂದ್ಮಾತು ಕೇಳೋದಲ್ವಾ ನೀವು?"

"ಅವನೇ ಬಂದಿದ್ನಲ್ಲ ಬೆಳಿಗ್ಗೆ. ಬೇಗ ಒಣಗ್ಲಿ ಅಂತ ದೊಡ್ ಬಾಗಿಲು ಅವನೇ ತೆಗ್ದಿದ್ದು."

ನನ್ನ ಒಡಹುಟ್ಟಿದ ಅಣ್ಣ. ಮೈಕ್ ಹಾಕಿಸುತ್ತೇನೆ ಅಂದವನು. ಅಲ್ಲೇ ನಿಂತು ಅವನಿಗೆ ಫೋನ್ ಒತ್ತಿದೆ.

ಹೇಳಿದೆ. ಆಮೇಲೆ, "ಲೋರಿ... ಬೇಕಂತ ಮಾಡಿದ್ದಲ್ಲ ಕಣೇ."

"ಗೊತ್ತು. ಬೇಕಂತ ಮಾಡಿದ್ರೆ ನಿನ್ ಜೊತೆ ಜಗಳ ಆಡಬಹುದಿತ್ತು. ನಿಮಗೆ ನಾವು ಇದೀವಿ ಅಂತ್ಲೇ ನೆನಪಾಗ್ಲಿಲ್ವಲ್ಲ, ಅದಕ್ಕೆ ಏನ್ ಮಾಡ್ಲಿ ಹೇಳು."

"ಈಗ್ಲೇ ಸ್ವಿಚ್ ಹಾಕಿಸ್ಲಾ?"

ಸ್ವಿಚ್ ಹಾಕಿದರೆ ಐಸ್ ಆಗುತ್ತದೆಯೇ? ತೆಳ್ಳಗೆ ನೀರು ಬಿಟ್ಟು, ಕಟ್ಟಿ, ಮತ್ತೆ ಬಿಟ್ಟು... ಒಂದು ವಾರದ ಕೆಲಸ. ಇಲ್ಲೇ ಹುಟ್ಟಿ ಬೆಳೆದವನಿಗೆ ಅದು ಗೊತ್ತು. ಗೊತ್ತಿದ್ದೂ ಕೇಳಿದ. ಕಣ್ಣೊರೆಸುವ ಮಾತು. ಫೋನ್ ಇಟ್ಟೆ.

ಲೀಗಿನವರಿಗೆ ಫೋನ್. ನಮ್ಮ ಊರಿನಲ್ಲಿ ಐಸ್ ಇಲ್ಲದಿದ್ದರೆ ಎದುರಾಳಿ ಊರಿಗೆ ಹೋಗಿ ಆಡಬೇಕು, ಇಲ್ಲವೇ ಬಿಟ್ಟುಕೊಡಬೇಕು. ರಾಸ್‌ಮಿಯರ್‌ನ ರಿಂಕಿನಲ್ಲಿ ಖಾಲಿ ಇರುವುದು ಭಾನುವಾರ ಬೆಳಿಗ್ಗೆ ಆರು ಗಂಟೆ. ಎಂಟಕ್ಕೆ ಅಲ್ಲಿ ಪುಟ್ಟ ಮಕ್ಕಳ ಸ್ಕೇಟಿಂಗ್ ಜಾತ್ರೆ. ಒಪ್ಪಿಕೊಂಡೆ. ಒಪ್ಪದೆ?

ಹುಡುಗಿಯರನ್ನು ರಿಂಕಿಗೆ ಕರೆಸಿದೆ. ಸಾಮಾನಿನ ಕೋಣೆಯಲ್ಲಿ ನಿಂತು ಹೇಳಿದೆ. ಅಳುತ್ತಾರೆ ಅಂತ ಟಿಶ್ಯೂ ಪೆಟ್ಟಿಗೆ ಕೂಡ ತಂದಿದ್ದೆ.

ಒಬ್ಬಳೂ ಅಳಲಿಲ್ಲ.

"ಸರಿ ಕೋಚ್. ಎಷ್ಟೊತ್ತಿಗೆ ಹೊರಡ್ಬೇಕು?" — ಬ್ರಿನ್.

"ತಿಂಡಿ ದಾರೀಲಾ, ಮನೇಲಾ?" — ಇನ್ನೊಬ್ಬಳು.

ಆಶ್ಚರ್ಯವೇ ಇಲ್ಲ ಅವಕ್ಕೆ. ಹೀಗೇ ಆಗುತ್ತದೆ ಅಂತ ಮೊದಲೇ ಗೊತ್ತಿದ್ದವರ ಹಾಗೆ. ಯಾರಾದರೂ ಒಬ್ಬಳು ಕಿರುಚಬೇಕಿತ್ತು, ಮೂಟೆಗೆ ಒದೆಯಬೇಕಿತ್ತು. ನನ್ನ ಹುಡುಗಿಯರಿಗೆ ಹದಿನಾಲ್ಕಕ್ಕೇ ಇದೆಲ್ಲ ರೂಢಿಯಾಗಿದೆ. ನೀರು ನಿಂತದ್ದು ನೋಡಿದಾಗಲೂ ನನಗೆ ಇಷ್ಟು ಸಂಕಟವಾಗಿರಲಿಲ್ಲ.

ಟ್ಯಾನಿಸ್ ಮಾತ್ರ ಹೋಗಿ ಅಂಚಿನ ಗಾಜಿಗೆ ಹಣೆ ಒತ್ತಿ ನೀರು ನೋಡುತ್ತಾ ನಿಂತಳು. ಅವಳ ಅಪ್ಪ ಬಂದು ಕರೆದ ಮೇಲೆ ಹೋದಳು.

ಮಾರ್ಚ್ 15, ಶನಿವಾರ

ಆಟ ಇಲ್ಲ ಅಂತ ಫೇಸ್‌ಬುಕ್ಕಿನಲ್ಲಿ ಹಾಕಿದ್ದೆ. ಅದನ್ನು ನೋಡುವವರು ಎಷ್ಟು ಜನ. ಪೋಸ್ಟರ್ ಊರೆಲ್ಲ ಇತ್ತು. ಯಾರಾದರೂ ಬಂದರೆ ಹೇಳೋಣ ಅಂತ ಆರೂವರೆಗೆ ರಿಂಕ್ ಬಾಗಿಲಲ್ಲಿ ನಿಂತೆ. ನಾಲ್ಕೈದು ಜನ ಬಂದಾರು ಅಂದುಕೊಂಡಿದ್ದೆ. ಟ್ಯಾನಿಸ್ ಕೂಡ ಬಂದು ಪಕ್ಕ ನಿಂತಳು, ಅವಳ ಅಜ್ಜಿ ಮೂಲನಿವಾಸಿಗಳ ರಿಸರ್ವ್ ಹಳ್ಳಿಯಿಂದ ಹೊರಟಾಗಿತ್ತಂತೆ, ಫೋನ್ ಸಿಗಲಿಲ್ಲವಂತೆ.

ಬಂದರು. ಬರುತ್ತಲೇ ಇದ್ದರು. ಬ್ಯಾಂಕಿನವರು, ಪಾದ್ರಿ, ಕೌಂಟರಿನ ಆ ಮುದುಕ ಹೆಂಡತಿ ಸಮೇತ, ಕಂಬಳಿ ಹೊತ್ತ ಅಜ್ಜಿಯರು. ಹುಡುಗರ ತಂಡ ಪೂರ್ತಿ, ತಮ್ಮ ಪೀಪಿ ಹಿಡಿದುಕೊಂಡು, ಒಬ್ಬನ ಕೆನ್ನೆ ಮೇಲೆ ನಮ್ಮ ಹುಡುಗಿಯೊಬ್ಬಳ ಜರ್ಸಿ ನಂಬರು ಬರೆದಿತ್ತು. ಟ್ಯಾನಿಸ್ ಅಜ್ಜಿ ಎರಡು ಟ್ರಕ್ ತುಂಬ ನೆಂಟರನ್ನು ತಂದಿದ್ದರು. ಗಾಡಿ ನಿಲ್ಲಿಸಲು ಜಾಗ ಸಾಲದೆ ರಸ್ತೆಯವರೆಗೆ ಸಾಲು. ಐಸ್ ಇಲ್ಲದ ರಿಂಕಿಗೆ.

ಒಬ್ಬೊಬ್ಬರಿಗೂ ಹೇಳಿದೆ. ಐಸ್ ತೆಗೆದುಬಿಟ್ಟರು. ಮರೆತರು. ಹೌದು, ಮರೆತರು. "ಛೆ ಛೆ" ಅಂದರು. "ಮುಂದಿನ್ ವರ್ಷ ನೋಡೋಣ ಬಿಡಮ್ಮ" ಅಂದರು. ಮೊಮ್ಮಗಳನ್ನು ತಬ್ಬಿಕೊಂಡು ಟ್ಯಾನಿಸ್ ಅಜ್ಜಿ ಮಾತ್ರ ನನ್ನನ್ನೇ ನೋಡುತ್ತಾ ಕೇಳಿದರು:

"ಇವಳು ಆ ದಿನ ಹುಡುಗ್ರ ಜೊತೆ ಆಡಿದಾಗ ಐಸ್ ಇತ್ತಲ್ಲ?"

ಇತ್ತು ಅಂದೆ.

ರಸ್ಸೆಲ್ ಕಡೆಗೆ ಬಂದ. ಕೈಯಲ್ಲಿ ಎಲ್ಲರಿಗೂ ಅಂತ ಡೋನಟ್ ಪೆಟ್ಟಿಗೆ. ಇಸಿದುಕೊಳ್ಳಲಿಲ್ಲ. ನಿಂತೇ ಇದ್ದ, ಹುಡುಗರ ತಂಡವೇ ತಿಂದು ಮುಗಿಸಿತು.

ಗಾಡಿಗಳು ತಿರುಗಿ ಹೋಗುವುದನ್ನು ನೋಡುತ್ತಾ ಟ್ಯಾನಿಸ್ ಅಂದಳು, "ಇಷ್ಟು ಜನ ನಮ್ಮನ್ನ ನೋಡೋಕ್ ಬಂದಿದ್ರಾ, ಕೋಚ್?"

"ಹೂಂ ಕಣೆ."

"ನಿಜ್ವಾಗ್ಲೂ ಬರ್ತಿದ್ರು ಹಾಗಾದ್ರೆ."

ಮಾರ್ಚ್ 16, ಭಾನುವಾರ

ಗೆದ್ದೆವು. ಎರಡಕ್ಕೆ ಎರಡು ಸಮ, ಒಟ್ಟು 5–4. ಈ ಸೀಮೆಗೆಲ್ಲ ನಾವೇ ಚಾಂಪಿಯನ್. ಬೆಳಿಗ್ಗೆ ಏಳೂ ಮುಕ್ಕಾಲು.

ನೋಡಿದವರು: ಗಾಡಿ ಓಡಿಸಿಕೊಂಡು ಬಂದ ಅಪ್ಪ ಅಮ್ಮಂದಿರು. ಗಾಜಿನ ಆಚೆ ಗರಿ ಕಟ್ಟಿಕೊಂಡು, ಕೆನ್ನೆಗೆ ಬಣ್ಣ ಬಳಿದುಕೊಂಡು ಜಾತ್ರೆಗೆ ಕಾಯುತ್ತಿದ್ದ ಪುಟಾಣಿಗಳು. ಅಷ್ಟೇ.

ಕೊನೆಯ ಸೀಟಿ ಆದೊಡನೆ ಹತ್ತೂ ಹುಡುಗಿಯರು ಟ್ಯಾನಿಸ್ ಮೇಲೆ ಬಿದ್ದರು. ಕೈಗವಸು, ಹೆಲ್ಮೆಟ್ ಎಲ್ಲ ಚೆಲ್ಲಾಪಿಲ್ಲಿ. ಎದ್ದೇ ಇರಲಿಲ್ಲ ಇನ್ನೂ, ಐಸ್ ಸಮ ಮಾಡುವ ಯಂತ್ರದವನು ಬಾಗಿಲಲ್ಲಿ ಹಾರ್ನ್ ಹೊಡೆದ. ಮತ್ತೆ ಹೊಡೆದ. "ಟೈಮ್ ಆಯ್ತು, ಮಕ್ಕಳು ಕಾಯ್ತಿದಾರೆ" ಅಂತ ಕೂಗಿದ. ನನ್ನವೂ ಮಕ್ಕಳೇ ಕಣಪ್ಪ ಅಂತ ಕೂಗಿ ಹೇಳಿದೆ. ಅವನಿಗೆ ಯಂತ್ರದ ಸದ್ದಿನಲ್ಲಿ ಕೇಳಿಸಲಿಲ್ಲ. ಚಾಂಪಿಯನ್ ಕಪ್ಪನ್ನು ಕಾರಿಡಾರಿನಲ್ಲಿ ಕೊಟ್ಟರು, ಕಾಫಿ ಮೆಷಿನ್ ಪಕ್ಕ.

ವಾಪಸ್ ಬರುವಾಗ ಟ್ಯಾನಿಸ್ ನನ್ನ ಟ್ರಕ್ಕಿನಲ್ಲಿ ಕೂತಳು. ಅವಳಾಗಿ ಕೇಳಿ ಕೂತಳು. ಗೆದ್ದ ಕಪ್ ಅವಳ ತೊಡೆಯ ಮೇಲೆ. ಅವಳು ಹೇಳಿದ್ದನ್ನು ಇವತ್ತು ಬರೆಯುವುದಿಲ್ಲ. ಇವತ್ತು ಗೆದ್ದ ದಿನ.

ಮಾರ್ಚ್ 24, ಸೋಮವಾರ

ಒಂದು ವಾರ ಪೆನ್ನು ಮುಟ್ಟಲಿಲ್ಲ.

ನಿನ್ನೆ ರಿಂಕ್ ಕಮಿಟಿ ಸಭೆ. ನನ್ನನ್ನು ಕರೆದಿದ್ದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನೆಸ್ಟರ್ ಮೂಲೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ, ನನ್ನ ಮುಖ ನೋಡಲಿಲ್ಲ. ರಸ್ಸೆಲ್ ಗಂಟಲು ಸರಿ ಮಾಡಿಕೊಂಡು ಓದಿದ. ಮುಂದಿನ ವರ್ಷದಿಂದ ಹುಡುಗಿಯರ ಆಟವೂ ಮುಗಿಯುವವರೆಗೆ ಸ್ವಿಚ್ ಮುಟ್ಟುವ ಹಾಗಿಲ್ಲ. ತಿಂಗಳಿಗೆ ಒಂದು ಶನಿವಾರ ಸಂಜೆ ಏಳು ಹುಡುಗಿಯರದ್ದು. ಒಂದು ಡ್ರೆಸಿಂಗ್ ರೂಮ್ ಕೂಡ. ಒಬ್ಬರೂ ಬೇಡ ಅನ್ನಲಿಲ್ಲ. ನಾಲ್ಕು ನಿಮಿಷದಲ್ಲಿ ಮುಗಿಯಿತು. ಇಷ್ಟು ಸುಲಭವಿತ್ತೇ ಇದು?

ಹೊರಗೆ ಬಂದ ಮೇಲೆ ರಸ್ಸೆಲ್ ಹೆಗಲ ಮೇಲೆ ಕೈ ಹಾಕಿದ. "ಈಗ ಖುಷೀನಾ ಲೋರಿ?"

ಟ್ಯಾನಿಸ್ ಮಾತು ಅವನಿಗೆ ಹೇಳಲಿಲ್ಲ. ಹೇಳಿದರೆ ಅಲ್ಲೇ ಅತ್ತುಬಿಡುತ್ತಿದ್ದೆ.

ಈಗ ಬರೆಯುತ್ತೇನೆ. ಆ ದಿನ ಟ್ರಕ್ಕಿನಲ್ಲಿ ಅರ್ಧ ದಾರಿಗೆ ಬಂದಾಗ ಟ್ಯಾನಿಸ್ ಅಂದದ್ದು:

"ಮುಂದಿನ್ ವರ್ಷ ಡ್ವೇನ್ ತಂಡಕ್ಕೆ ಹೋಗ್ತೀನಿ ಕೋಚ್. ಅವ್ರಿಗೆ ಹೂಂ ಅಂದ್ಬಿಟ್ಟೆ. ನೀವು ಬೇರೆಯವ್ರಿಂದ ಕೇಳೋದ್ ಬೇಡ ಅಂತ."

"ಯಾವಾಗ ಅಂದೆ?"

"ಶನಿವಾರ. ಎಲ್ರೂ ವಾಪಸ್ ಹೋದ್ಮೇಲೆ."

ಕೈಲಾದಷ್ಟು ಸಮಾಧಾನದಿಂದ ಹೇಳಿದೆ. ಅಲ್ಲಿ ಎರಡನೇ ಗೋಲಿ ಆಗ್ತೀಯ. ಭುಜ ಸರಿಹೋದ ಹುಡುಗ ವಾಪಸ್ ಬರ್ತಾನೆ. ನಿನ್ನನ್ನ ಬೆಂಚಲ್ಲಿ ಕೂರಿಸ್ತಾರೆ, ಟ್ಯಾನಿಸ್, ಅರ್ಧ ವರ್ಷ ಬೆಂಚಲ್ಲಿ.

"ಕೂರಿಸ್ಲಿ" ಅಂದಳು. "ಅವ್ರ ಆಟ ಮುಗಿಯೋವರ್ಗೂ ಐಸ್ ಇರುತ್ತಲ್ಲ."

ಸಿಟ್ಟಿನಿಂದ ಅಂದಿದ್ದರೆ ವಾದ ಮಾಡುತ್ತಿದ್ದೆ. ಸಿಟ್ಟಿರಲಿಲ್ಲ. ನನಗೆ ಬೇಜಾರಾಗಬಾರದು ಅಂತ ಮೆತ್ತಗೆ ಹೇಳಿದಳು. ಆಮೇಲೆ ಕಪ್ಪನ್ನು ತನ್ನ ತೋಳಿನಿಂದ ಒರೆಸುತ್ತಾ ಊರು ಬರುವ ತನಕ ಕೂತಿದ್ದಳು.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಸಿಕ್ಕಾಗ ಹಲ್ಲಿಲ್ಲ. ಶನಿವಾರ ಏಳು ಸಿಕ್ಕಿತು, ಗೋಲಿ ಇಲ್ಲ. ಗೋಲಿ ಇಲ್ಲದೆ ತಂಡವನ್ನು ಲೀಗಿಗೆ ಸೇರಿಸುವುದಿಲ್ಲ. ತಂಡ ಇಲ್ಲದಿದ್ದರೆ ಶನಿವಾರ ಏಳು ಮತ್ತೆ ಯಾರಿಗೆ ಹೋಗುತ್ತದೆ ಅಂತ ನನಗೆ ಗೊತ್ತು. ಬ್ರಿನ್ ತಂಗಿಯನ್ನು ನಿಲ್ಲಿಸಲೇ ಅಂದರೆ ಅವಳಿಗೆ ಇನ್ನೂ ಒಂಬತ್ತು. ಪಕ್ಕದ ಊರಿನಲ್ಲಿ ಒಬ್ಬಳಿದ್ದಾಳೆ ಅಂತಾರೆ, ಅವಳನ್ನೂ ಹುಡುಗರೇ ಕರೆದಿದ್ದಾರಂತೆ. ಟ್ಯಾನಿಸ್ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಒಂದು ವಾರ ನೋಡಿದೆ. ಆಗಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಹೋಗುತ್ತಿದ್ದೆ. ಓಡಿಹೋಗುತ್ತಿದ್ದೆ.

ಡ್ವೇನ್ ಫೋನ್ ಮಾಡುತ್ತಿದ್ದಾನೆ. ಎರಡನೇ ಸಲ. ಎತ್ತಲಿಲ್ಲ. ಎತ್ತಿದರೆ ಅವಳ ಬಗ್ಗೆಯೇ ಕೇಳುತ್ತಾನೆ, ಹೇಗೆ ಆಡಿಸಬೇಕು, ಎಲ್ಲಿ ಸ್ವಲ್ಪ ವೀಕು. ಹೇಳುತ್ತೇನೆ. ಹೇಳದೆ ಇರಲು ನನಗೆ ಬರುವುದಿಲ್ಲ. ಮೊದಲ ಐದು ನಿಮಿಷ ಅವಳು ಮಾತಾಡುವುದಿಲ್ಲ, ಅದಕ್ಕೆ ಹೆದರಬೇಡ. ಗೋಲು ಬಿಟ್ಟರೆ ಬಯ್ಯಬೇಡ, ತಾನೇ ಬೈದುಕೊಳ್ಳುತ್ತಾಳೆ. ಎಡಗಡೆ ಕೆಳಗೆ ಬಂದದ್ದಕ್ಕೆ ಕಾಲು ಒಂದು ಚೂರು ತಡ, ಆಗ ಬೆಂಚಿನಿಂದ ಯಾರಾದರೂ ಅವಳ ಹೆಸರು ಕೂಗಬೇಕು, ಜೋರಾಗಿ, 'ಗೋಲಿ' ಅಂತ ಅಲ್ಲ, ಹೆಸರು ಹಿಡಿದು, ಇಲ್ಲದಿದ್ದರೆ ಅವಳು... ಮತ್ತೆ ಫೋನ್. ಎತ್ತುತ್ತೇನೆ.